ಪ್ಯಾನ್‌ಕೇಕ್ ಮಾಡುವಾಗ ದೋಸೆ ಹುಯ್ಯುವ ಅಭ್ಯಾಸ ಬಿಡಬೇಕು

ಅಂಗಡಿಯಲ್ಲಿ ಪ್ಯಾನ್‌ಕೇಕ್ ಮಿಕ್ಸ್ ಸಿಗುತ್ತದೆ. ನಾನು ತರುವುದಿಲ್ಲ. ಪೊಟ್ಟಣದ ಹಿಂಬದಿ ಓದಿ ನೋಡಿ, ಮುಖ್ಯವಾಗಿ ಇರುವುದು ಹಿಟ್ಟು, ಸಕ್ಕರೆ, ಉಪ್ಪು, ಉಬ್ಬಿಸುವ ಪುಡಿ. ಅದಕ್ಕೆ ಅಷ್ಟು ದುಡ್ಡು ಯಾಕೆ ಕೊಡಬೇಕು?

ನನ್ನ ಅಳತೆ ಇಷ್ಟು. ಒಂದು ಕಪ್ ಮೈದಾ, ಅಂದರೆ ಸುಮಾರು 125 ಗ್ರಾಂ. ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಒಂದು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಇವನ್ನು ಜರಡಿ ಹಿಡಿದು ಇಟ್ಟುಕೊಳ್ಳುತ್ತೇನೆ. ಬೇರೆ ಪಾತ್ರೆಯಲ್ಲಿ ಒಂದು ಮೊಟ್ಟೆ, ಮುಕ್ಕಾಲು ಕಪ್ ಗಟ್ಟಿ ಮೊಸರು, ಕಾಲು ಕಪ್ ಹಾಲು, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ ಹಾಕಿ ಕಲಸುತ್ತೇನೆ. ಅಮೆರಿಕದ ಅಡುಗೆಯವರು ಹೇಳುವುದು ಮಜ್ಜಿಗೆ. ಆದರೆ ಅವರ ಮಜ್ಜಿಗೆ ದಪ್ಪಗಿರುತ್ತದೆ. ನಮ್ಮ ನೀರು ಮಜ್ಜಿಗೆ ಹಾಕಿದರೆ ಹಿಟ್ಟು ತೆಳ್ಳಗಾಗಿ ಓಡುತ್ತದೆ. ಅದಕ್ಕೇ ಮೊಸರಿಗೆ ಹಾಲು ಸೇರಿಸುವುದು. ಮೊಸರಿನ ಹುಳಿ ಸೋಡಾಕ್ಕೂ ಬೇಕು, ಅವೆರಡೂ ಸೇರಿದರೇ ಗಾಳಿ ಹುಟ್ಟುವುದು. ಉಬ್ಬಲಿ ಅಂತ ಸೋಡಾ ಜಾಸ್ತಿ ಸುರಿಯಬೇಡಿ, ಸೋಪಿನ ರುಚಿ ಬರುತ್ತದೆ.

ಇನ್ನು ಎರಡನ್ನೂ ಸೇರಿಸಿ ಕಲಸುವುದು, ಕೈ ಕಟ್ಟಿಕೊಳ್ಳಬೇಕಾದ ಕೆಲಸ. ದೋಸೆ ಹಿಟ್ಟನ್ನು ಎಷ್ಟು ತಿರುವಿದರೂ ನಮಗೆ ಸಮಾಧಾನ ಇರಲ್ಲ, ಅಲ್ವಾ? ಇಲ್ಲಿ ಅದು ನಡೆಯುವುದಿಲ್ಲ. ಮೈದಾ ಒದ್ದೆಯಾದ ಮೇಲೆ ತಿರುವಿದಷ್ಟೂ ಗ್ಲುಟೆನ್ ಅನ್ನುವ ಅದರೊಳಗಿನ ಅಂಟು ಬೆಳೆದು ಜಿಗಟಾಗುತ್ತದೆ, ಪ್ಯಾನ್‌ಕೇಕ್ ರಬ್ಬರಿನ ಹಾಗೆ ಎಳೆಯುತ್ತದೆ. ಒಣಹಿಟ್ಟು ಕಾಣದಷ್ಟು ಬೆರೆತರೆ ಸಾಕು. ಸಣ್ಣ ಗಂಟುಗಳಿದ್ದರೆ ಇರಲಿ ಬಿಡಿ. ಹತ್ತು ನಿಮಿಷ ಮುಟ್ಟದೆ ಇಟ್ಟರೆ ಹಿಟ್ಟು ನೀರು ಕುಡಿದು ಗಂಟು ತಾನೇ ಮೆತ್ತಗಾಗುತ್ತದೆ. ಹಾಗಂತ ರಾತ್ರಿಯೇ ಕಲಸಿ ಇಡುವುದು ಬೇಡ. ಇದು ಹುದುಗುವ ಹಿಟ್ಟಲ್ಲ. ಇಟ್ಟಷ್ಟೂ ಹುಟ್ಟಿದ ಗಾಳಿ ಹೊರಗೆ ಹೋಗುತ್ತದೆ.

ಕಾವಲಿ ದೋಸೆಯದ್ದೇ ಆಗಬಹುದು, ಆದರೆ ಈರುಳ್ಳಿ ಉಜ್ಜಿದ ವಾಸನೆ ಹೋಗಿರಬೇಕು. ನಾನು ನಾನ್‌ಸ್ಟಿಕ್ ಒಂದನ್ನು ಇದಕ್ಕೇ ಎತ್ತಿಟ್ಟಿದ್ದೇನೆ. ಉರಿ ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ. ಹಿಟ್ಟಿನಲ್ಲಿ ಸಕ್ಕರೆ, ಹಾಲು ಇರುವುದರಿಂದ ದೋಸೆಯ ಉರಿ ಇಟ್ಟರೆ ಮೇಲೆ ಕಪ್ಪು, ಒಳಗೆ ಹಸಿ. ಮೊದಲು ಪುಟ್ಟದೊಂದು ಹಾಕಿ ಕಾವು ಹದವಾಗಿದೆಯಾ ನೋಡುತ್ತೇನೆ. ಆಮೇಲೆ ಸಣ್ಣ ಸೌಟಿನಲ್ಲಿ ಹಿಟ್ಟು ಬಿಟ್ಟು ಸುಮ್ನೆ ನಿಲ್ಲುತ್ತೇನೆ. ಸೌಟು ತಿರುಗಿಸಿ ಹರಡಬಾರದು, ಅದೇ ಹರಡಿಕೊಳ್ಳುತ್ತದೆ.

ಮೇಲೆ ಗುಳ್ಳೆ ಕಂಡ ಕೂಡಲೇ ಮಗುಚಲು ಕೈ ತವಕಿಸುತ್ತದೆ. ತಡೆಯಿರಿ. ಗುಳ್ಳೆ ಒಡೆದು ತೂತು ಹಾಗೇ ಉಳಿಯಬೇಕು, ಅಂಚಿನ ಹಸಿ ಹೊಳಪು ಹೋಗಬೇಕು. ಆಗ ಒಂದೇ ಸಲ ಮಗುಚಿ. ಎರಡನೇ ಬದಿಗೆ ಅರ್ಧ ಹೊತ್ತು ಸಾಕು. ಮಗುಚುಕಾಯಿಂದ ಒತ್ತಿದಿರೋ, ಉಬ್ಬಿದ್ದೆಲ್ಲ ಇಳಿಯಿತು.

ಮೊಟ್ಟೆ ತಿನ್ನದವರಿಗೆ ಅದರ ಬದಲು ಕಾಲು ಕಪ್ ಮೊಸರು ಜಾಸ್ತಿ ಹಾಕುತ್ತೇನೆ. ಅದು ಬೇಗ ಮುರಿಯುತ್ತದೆ, ಸಣ್ಣಸಣ್ಣದಾಗಿ ಹುಯ್ಯಿರಿ. ಅರ್ಧ ಗೋಧಿ ಹಿಟ್ಟು ಹಾಕುವುದಾದರೆ ಹಾಲು ಇನ್ನಷ್ಟು ಬೇಕಾಗುತ್ತದೆ. ಪೂರ್ತಿ ಗೋಧಿಯದ್ದು ನನಗೆ ಹಿಡಿಸಲಿಲ್ಲ, ಅದಕ್ಕಿಂತ ಚಪಾತಿಯೇ ವಾಸಿ.

ಮೇಪಲ್ ಸಿರಪ್ ದುಬಾರಿ. ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ಮರದ ರಸ ಕಾಯಿಸಬೇಕಂತೆ, ಬೆಲೆ ಇರದೆ ಏನು! ನಮ್ಮ ಮನೆಯಲ್ಲಿ ಮಲೆನಾಡಿನ ಜೋನಿ (ದ್ರವ) ಬೆಲ್ಲ, ಒಂದು ತುಂಡು ಬೆಣ್ಣೆ, ಹೆಚ್ಚಿದ ಏಲಕ್ಕಿ ಬಾಳೆ. ಬೆಲ್ಲದ ಘಾಟು ಮೊಸರಿನ ಹುಳಿಗೆ ಚೆನ್ನಾಗಿ ಹೊಂದುತ್ತದೆ, ನನಗಂತೂ ಸಿರಪ್ಪಿಗಿಂತ ಇದೇ ಇಷ್ಟ. ಪ್ಯಾನ್‌ಕೇಕ್ ತಟ್ಟೆಗೆ ಹಾಕಿದ ಮೇಲೆಯೇ ಬೆಲ್ಲ ಸುರಿಯಿರಿ, ಮೊದಲೇ ಸುರಿದಿಟ್ಟರೆ ಎಲ್ಲಾ ಹೀರಿಕೊಂಡು ಮುದ್ದೆಯಾಗುತ್ತದೆ.