ಮೂರು ನಿಮಿಷದ ಆಡಿಯೋ, ಎರಡು ಪ್ಲೇಟ್ ತಹರಿ

ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೊರದೇಶದ ಹುಡುಗರನ್ನು ಇಲ್ಲಿನ ಇಂಗ್ಲಿಷ್ ಪಾಠಕ್ಕೆ ತಯಾರು ಮಾಡುವ ಬ್ರಿಜ್ ಕೋರ್ಸ್ ನನ್ನ ಕೊರಳಿಗೆ ಬಿದ್ದು 5 ವರ್ಷ ಆಯಿತು. ಯೆಮನ್, ಸುಡಾನ್, ಅಫ್ಘಾನಿಸ್ತಾನ, ಕಾಂಗೋ ಕಡೆಯವರು. ಮೊದಲ ಬ್ಯಾಚಿನಲ್ಲಿ 11 ಜನ, ಅದರಲ್ಲಿ 7 ಜನಕ್ಕೆ ಬ್ಯಾಕ್‌ಲಾಗ್, ಅಂದರೆ ಫೇಲಾಗಿ ಉಳಿದ ವಿಷಯ. ಹೋದ ವರ್ಷ 14 ಜನರಲ್ಲಿ ಇಬ್ಬರಿಗೆ ಮಾತ್ರ. ಆಗ ‘ಇದು ಆಗಂಗಿಲ್ರಿ ಸರ್’ ಅಂದವರೇ ಈಗ ಫೋನ್ ಮಾಡಿ ಹೆಂಗ ಮಾಡಿದ್ರಿ ಅಂತ ಕೇಳುತ್ತಾರೆ.

ಮೊದಲ ವರ್ಷ ಇಂಗ್ಲಿಷ್ ಕಲಿಸುವ ಸಾಫ್ಟ್‌ವೇರ್ ತರಿಸಿದೆವು. 20 ಸೀಟಿನ ಲೈಸೆನ್ಸ್, ಲಕ್ಷದ ಹತ್ತಿರ ಹೋಯಿತು. ಹೆಡ್‌ಫೋನಿನಲ್ಲಿ ಲಂಡನ್ ಹೆಂಗಸು ಮಾತಾಡುತ್ತಿದ್ದಳು. ಹುಡುಗರು ಅದರಲ್ಲಿ ನೂರಕ್ಕೆ 80 ತೆಗೆದು, ಆಮೇಲೆ ಕ್ಲಾಸಿಗೆ ಹೋಗಿ ಕಲ್ಲಿನ ಹಾಗೆ ಕೂರುತ್ತಿದ್ದರು. ಎರಡನೇ ವರ್ಷ ಬೆಳಿಗ್ಗೆ 8ಕ್ಕೆ ಗ್ರಾಮರ್ ಕ್ಲಾಸ್. ವೀಸಾ ತಡವಾಗಿ ಅರ್ಧ ಜನ ಬರುವುದೇ ತಡ. ಬಂದ ಮೇಲೆ 14 ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕು, ಆ ಓಡಾಟವೇ ಒಂದು ಕೋರ್ಸ್. ಟೆನ್ಸ್ ಮುಗಿಯುವಷ್ಟರಲ್ಲಿ ಬೆಂಚಿನ ಮೇಲೆ 4 ಜನ ಉಳಿದಿದ್ದರು.

ಕಣ್ಣು ತೆರೆಸಿದ್ದು ಒಬ್ಬ ಸುಡಾನ್ ಹುಡುಗ. ಕಾರಿಡಾರಿನಲ್ಲಿ ನಿಲ್ಲಿಸಿ, ನಾಳೆ ‘ಇಂಟರ್ನಲ್ಸ್’ ಅಂದರಲ್ಲ, ಆಸ್ಪತ್ರೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ ಅಂತ ಕೇಳಿದ. ನಾವು ಇಂಟರ್ನಲ್ಸ್ ಅಂದರೆ ಕಾಲೇಜಿನೊಳಗಿನ ಟೆಸ್ಟ್, ಅವನಿಗೆ ಹೊಟ್ಟೆಯೊಳಗಿನ ತಪಾಸಣೆ. ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಪೋರ್ಶನ್, ಜೆರಾಕ್ಸ್, ಲ್ಯಾಬ್ ರೆಕಾರ್ಡ್, ವೈವಾ... ಇದನ್ನೆಲ್ಲ ಲಂಡನ್ ಹೆಂಗಸು ಹೇಳಿಕೊಡುತ್ತಾಳಾ? ಅವರಿಗೆ ಇಂಗ್ಲಿಷ್ ಅಷ್ಟೋ ಇಷ್ಟೋ ಬರುತ್ತಿತ್ತು. ಬರದೇ ಇದ್ದದ್ದು ನಮ್ಮ ಇಂಗ್ಲಿಷ್.

ಸಾಫ್ಟ್‌ವೇರ್ ಮುಚ್ಚಿಟ್ಟೆ. ನಮ್ಮ ಲೆಕ್ಚರರ್‌ಗಳನ್ನೇ ಕೇಳಿಕೊಂಡು, ಅವರ ಪಾಠದ ಮೂರು ಮೂರು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಹುಡುಗರನ್ನು ಜೋಡಿ ಮಾಡಿ ಕೂರಿಸಿದೆ: ಒಬ್ಬ ಹೊರದೇಶದವ, ಒಬ್ಬ ನಮ್ಮ ಕನ್ನಡ ಮೀಡಿಯಂ ಹುಡುಗ, ಜೇವರ್ಗಿ, ಸೇಡಂ, ಆಳಂದ ಕಡೆಯವನು. ಇಬ್ಬರಿಗೂ ಒಂದೇ ಆಡಿಯೋ. ಕೇಳಿ ಬರೆಯಬೇಕು, ಆಮೇಲೆ ಕೂಡಿ ಕೂತು ತಪ್ಪು ಹುಡುಕಬೇಕು. ನಮ್ಮ ಹುಡುಗನಿಗೆ ಕಿವಿ ಚುರುಕು, ಬಾಯಿ ಬರಲ್ಲ. ಹೊರದೇಶದವನಿಗೆ ಬಾಯಿ ಧಾರಾಳ, ಕಿವಿ ನಿಲ್ಲಲ್ಲ.

‘ಕುರುಡ ಕುರುಡಗ ದಾರಿ ತೋರಿಸಿದಂಗ ಆಗ್ತದ ನೋಡ್ರಿ’ ಅಂದರು ಒಬ್ಬ ಹಿರಿಯರು. ಮೊದಲ ತಿಂಗಳು ಅವರ ಮಾತೇ ನಿಜವಾಯಿತು. ಅಫ್ಘಾನ್ ಹುಡುಗರಿಗೆ ಸಿನಿಮಾ ನೋಡಿ ಹಿಂದಿ ಬರುತ್ತೆ, ನಮ್ಮ ಊರಿನ ಹುಡುಗರಿಗೆ ದಖನಿ ಉರ್ದು. ಇಂಗ್ಲಿಷ್ ಬಿಟ್ಟು ‘ಕೈಕು, ನಕ್ಕೊ’ ಶುರುವಾಯಿತು. ಜೋಡಿ ಬದಲಿಸಿದೆ. ಯಾರ ಜೊತೆ ಯಾರನ್ನು ಕೂರಿಸಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಬಿಚ್ಚಿಡಲ್ಲ.

ನಮ್ಮ ಹುಡುಗರು ಸುಮ್ನೆ ಬರುತ್ತಾರಾ? ವಾರಕ್ಕೊಮ್ಮೆ ಚೆನ್ನಾಗಿ ಬರೆದ ಜೋಡಿಗೆ ಎರಡು ಪ್ಲೇಟ್ ತಹರಿ (ನಮ್ಮ ಕಡೆಯ ಮಸಾಲೆ ಅನ್ನ), ಉಳಿದವರಿಗೆ ಚಹಾ. ತಿಂಗಳಿಗೆ ಸಾವಿರದ ಇನ್ನೂರೋ ಮುನ್ನೂರೋ ನನ್ನ ಜೇಬಿನಿಂದ ಹೋಗುತ್ತಿತ್ತು. ಬಿಲ್ ಕೊಟ್ಟರೆ ‘ತಹರಿಗೆ ಹೆಡ್ ಇಲ್ಲ’, ಅಂದರೆ ಖರ್ಚು ಹಾಕಲು ಲೆಕ್ಕದ ಬಾಬ್ತು ಇಲ್ಲ ಅಂತ ವಾಪಸ್ ಬಂತು. ಲಕ್ಷದ ಸಾಫ್ಟ್‌ವೇರಿಗೆ ಹೆಡ್ ಇತ್ತು ನೋಡಿ.

ನಡುವೆ ಒಂದು ಚೇಷ್ಟೆ ಮಾಡಿದೆ. ಅರಬ್ಬಿಯಲ್ಲಿ ‘ಪ’ ಇಲ್ಲ, ಯೆಮನ್ ಹುಡುಗರಿಗೆ ಪೇಪರ್ ಅಂದರೆ ‘ಬೇಬರ್’. ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪೆನ್’ ಅನ್ನಿಸುವುದು ಹಳೆಯ ಉಪಾಯ. ಉಸಿರು ಬಿದ್ದು ಕಾಗದ ಅಲ್ಲಾಡಿದರೆ ಸರಿ. ಮಾಡಿ ತೋರಿಸು ಅಂತ ಸೇಡಂ ಹುಡುಗನನ್ನು ಕರೆದೆ. ಅವನು ‘ಪೆನ್’ ಅಂದ. ಕಾಗದ ಮಿಸುಕಲಿಲ್ಲ! ನಮ್ಮ ಕನ್ನಡದ ‘ಪ’ಗೆ ಆ ಉಸಿರು ಎಲ್ಲಿದೆ? ‘ಫ’ಕ್ಕೆ ಹೋಗದೆ, ‘ಪ್ಹ’ ಅನ್ನು ಅಂತ ಅರ್ಧ ಗಂಟೆ ಇಬ್ಬರಿಗೂ ಊದಿಸಿದೆ. ಮಾರ್ಕ್ಸಿಗೆ ಇದರಿಂದ ಏನೂ ಆಗಲಿಲ್ಲ, ಆದರೆ ಅವತ್ತಿನಿಂದ ಆ ಜೋಡಿ ಬಿಡಲಿಲ್ಲ.

ಕಾಂಗೋ ಹುಡುಗನ ಕಥೆ ಬೇರೆ. ಲೈಬ್ರರಿಯಲ್ಲಿ ಪುಸ್ತಕ ಸಿಗುತ್ತೆ ಅಂದರೆ ಊರಿನ ಸೂಪರ್ ಮಾರ್ಕೆಟ್ ಪೇಟೆ ತನಕ ಹೋಗಿ ಬಿಸಿಲಲ್ಲಿ ಬೆಂದು ಬಂದ. ಫ್ರೆಂಚಿನಲ್ಲಿ ಹಾಗೇ ಕೇಳಿಸುವ ಮಾತಿಗೆ ಪುಸ್ತಕದ ಅಂಗಡಿ ಅಂತ ಅರ್ಥ. ಈಗ ಫ್ರೆಂಚ್ ಬರುವವರಿಗೆ ಇಂಥ 30 ಮಾತಿನ ಚೀಟಿ ಮೊದಲ ದಿನವೇ ಕೊಡುತ್ತೇನೆ.

ನಾನು ಎಣಿಸದ ಲಾಭ ಒಂದು ಬಂತು. ಒಬ್ಬ ಲೆಕ್ಚರರ್ ತಮ್ಮ ಆಡಿಯೋ ತಾವೇ ಕೇಳಿ, ‘ನಾ ಇಷ್ಟು ಜೋರ್ ಓಡ್ತೀನೇನ್ರಿ?’ ಅಂದರು. ಈಗ ಪಾಠಕ್ಕೆ ಮುಂಚೆ ಐದಾರು ಶಬ್ದ ಬೋರ್ಡ್ ಮೇಲೆ ಬರೆಯುತ್ತಾರೆ. ಇನ್ನಿಬ್ಬರು ಮಾತ್ರ ರೆಕಾರ್ಡಿಗೆ ಇನ್ನೂ ಒಪ್ಪಿಲ್ಲ. ಅವರ ಕ್ಲಾಸಿನ ಹೊರಗೆ ಕಿಟಕಿ ಹತ್ತಿರ ನಿಂತು ನಾನೇ ಬರೆದುಕೊಳ್ಳುತ್ತಿದ್ದೇನೆ.