ಚಳಿಗೆ ಕೋಳಿ ಆರಿಸುವಾಗ ನಾನು ಮೊದಲು ನೋಡುವುದು ಜುಟ್ಟು

ಮೊದಲ ಸಲ ಕೋಳಿ ತಂದಾಗ ನಾನು ನೋಡಿದ್ದು ಮೊಟ್ಟೆಯ ಲೆಕ್ಕ ಮಾತ್ರ. ಜಾಸ್ತಿ ಇಡುತ್ತವೆ ಅಂತ ಬಿಳಿ ಲೆಗ್‌ಹಾರ್ನ್ ತಂದೆ. ಬಟ್ಟಲಿನ ನೀರು ಗಟ್ಟಿಯಾಗುವಂಥ ಚಳಿ ಬಂತು. ಒಂದು ಬೆಳಿಗ್ಗೆ ಹುಂಜದ ಜುಟ್ಟಿನ ತುದಿಗಳು ಬಿಳಿಚಿಕೊಂಡಿದ್ದವು. ಆಮೇಲೆ ಕಪ್ಪಾಗಿ, ಒಣಗಿ ಉದುರಿದವು. ಅದು ಮೇವು ಬಿಟ್ಟು ಮೂಲೆಯಲ್ಲಿ ನಿಂತಿದ್ದನ್ನು ನೋಡಿ ತುಂಬಾ ಸಂಕಟವಾಯಿತು.

ಜುಟ್ಟಿನ ಮೇಲೆ ಪುಕ್ಕ ಇರುವುದಿಲ್ಲ, ಅಲ್ವಾ? ಸೆಕೆಯಲ್ಲಿ ಮೈಬಿಸಿ ಅದರ ಮೂಲಕವೂ ಹೊರಗೆ ಹೋಗುತ್ತದೆ. ಲೆಗ್‌ಹಾರ್ನ್ ಇಟಲಿ ಮೂಲದ್ದು, ಅದರ ದೊಡ್ಡ ಜುಟ್ಟು ಅಲ್ಲಿಗೆ ಸರಿ. ಕೊರೆಯುವ ಚಳಿಯಲ್ಲಿ ಮೊದಲು ಪೆಟ್ಟು ತಿನ್ನುವುದೂ ಅದೇ.

ಮುಂದಿನ ಸಲ ವಯಾಂಡಾಟ್ ತಂದೆ. ಅದರ ಜುಟ್ಟು ಚಪ್ಪಟೆ, ತಲೆಗೆ ಅಂಟಿಕೊಂಡಂತೆ ಇರುತ್ತದೆ. ಮೈತುಂಬ ದಟ್ಟ ಪುಕ್ಕ. ಜೊತೆಗೆ ಬ್ರಹ್ಮ ಕೋಳಿಗಳನ್ನೂ ಸಾಕಿದೆ. ಅವುಗಳ ಜುಟ್ಟು ಇನ್ನೂ ಚಿಕ್ಕದು. ಆದರೆ ಬ್ರಹ್ಮಕ್ಕೆ ಕಾಲಿನ ಮೇಲೂ ಪುಕ್ಕ ಇದೆ. ಅದು ಬೆಚ್ಚಗಿರುತ್ತದೆ ಅಂದುಕೊಂಡಿದ್ದೆ. ಕೆಸರು, ಮಂಜು ಮೆತ್ತಿಕೊಂಡು ಬೆರಳ ಸಂದಿಯಲ್ಲಿ ಗಡ್ಡೆ ಕಟ್ಟಿತು. ದಿನಾ ಸಂಜೆ ಕಾಲು ಒರೆಸಿ ಒಣಗಿಸಬೇಕಾಯಿತು. ನೆಲ ಒದ್ದೆ ಇರುವ ಕಡೆ ಬ್ರಹ್ಮ ಬೇಡ ಅಂತಲೇ ನಾನು ಹೇಳುತ್ತೇನೆ.

ನನಗೆ ತುಂಬಾ ಇಷ್ಟವಾದ ತಳಿ ಶಾಂಟೆಕ್ಲೇರ್. ಕೆನಡಾದ ಕ್ವಿಬೆಕ್‌ನ ಓಕಾ ಮಠದಲ್ಲಿ ಬ್ರದರ್ ವಿಲ್ಫ್ರಿಡ್ ಶಾತ್ಲೆನ್ ಎಂಬ ಸನ್ಯಾಸಿ 1908ರಿಂದ ವರ್ಷಗಟ್ಟಲೆ ತಳಿಗಳನ್ನು ಬೆರೆಸಿ, ಅಲ್ಲಿನ ಚಳಿಗೆಂದೇ ಮಾಡಿದ ಕೋಳಿ ಇದು. ಜುಟ್ಟು, ಗದ್ದದ ಜೋಲು ಎರಡೂ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ಚಳಿಗಾಲದಲ್ಲೂ ಮೊಟ್ಟೆ ಪೂರ್ತಿ ನಿಲ್ಲಿಸಲಿಲ್ಲ.

ತಳಿ ಸರಿಯಿದ್ದರೂ ಗೂಡು ಒದ್ದೆಯಾಗಿದ್ದರೆ ಕಷ್ಟ. ಲೆಗ್‌ಹಾರ್ನ್ ಇದ್ದಾಗ ಚಳಿ ಬರಬಾರದು ಅಂತ ಗೂಡಿನ ಎಲ್ಲಾ ಸಂದಿ ಮುಚ್ಚಿಬಿಟ್ಟಿದ್ದೆ. ಉಸಿರಿನ ಹಬೆ, ಹಿಕ್ಕೆಯ ತೇವ ಒಳಗೇ ಉಳಿದು ಜುಟ್ಟನ್ನು ಒದ್ದೆ ಮಾಡಿತ್ತು. ಈಗ ಸೂರಿನ ಕೆಳಗೆ ಕಿಂಡಿ ಬಿಟ್ಟಿದ್ದೇನೆ. ಕೋಳಿ ಕೂರುವ ಮಟ್ಟದಲ್ಲಿ ಮಾತ್ರ ಗಾಳಿ ಬಡಿಯುವುದಿಲ್ಲ. ಕೋಳಿ ಕೂರಲು ಇದ್ದ ದುಂಡನೆ ಕೋಲು ತೆಗೆದು ಅಗಲದ ಪಟ್ಟಿ ಹಾಕಿದೆ. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಕಾಲ್ಬೆರಳುಗಳೆಲ್ಲ ಹೊಟ್ಟೆಯ ಪುಕ್ಕದೊಳಗೆ ಬೆಚ್ಚಗೆ ಅಡಗಿರುತ್ತವೆ.