ಥೈರಾಯ್ಡ್ ಮಾತ್ರೆ ಬೆಳಗ್ಗೆ, ಸೋಯಾ ಮಧ್ಯಾಹ್ನ: ನನ್ನ ಅನುಭವ

ನಾವು ಮೈಸೂರಿನ ಕುವೆಂಪುನಗರದವರು. ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಹಾಗಾಗಿ ಸೋಯಾ ಚಂಕ್ಸ್ ಸಾಗು ಆಗಾಗ ಆಗೇ ಆಗುತ್ತದೆ. ಒಣ ಚಂಕ್ಸ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಪ್ರೋಟೀನೇ, ಪನೀರಿನಷ್ಟು ದುಬಾರಿಯೂ ಅಲ್ಲ. ನನಗೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾದಾಗ ಮಂಡ್ಯದಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಇನ್ನು ಸೋಯಾ ಮುಟ್ಲೇಬೇಡಿ. ಕೋಸೂ ಬಿಟ್ಬಿಡಿ" ಅಂದಳು.

ಡಾಕ್ಟರ್ ಅಷ್ಟು ಹೆದರಿಸಲಿಲ್ಲ. ಸೋಯಾದಲ್ಲಿರುವ ಐಸೋಫ್ಲೇವೋನ್ ಅನ್ನುವ ಅಂಶ ಥೈರಾಯ್ಡ್ ಹಾರ್ಮೋನ್ ತಯಾರಿಗೆ ಅಡ್ಡ ಬರಬಹುದು, ನಿಜ. ಆದರೆ ಮೈಯಲ್ಲಿ ಅಯೋಡಿನ್ ಸಾಕಷ್ಟಿದ್ದು, ಮಿತವಾಗಿ ತಿಂದರೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲವಂತೆ. 1960ರ ಆಸುಪಾಸಿನಲ್ಲಿ ಹೊರದೇಶಗಳಲ್ಲಿ ಸೋಯಾ ಹಾಲಿನ ಪುಡಿಯಲ್ಲೇ ಬೆಳೆದ ಕೆಲವು ಕೂಸುಗಳಿಗೆ ಗಳಗಂಡ ಬಂದಿತ್ತು. ಪುಡಿಗೆ ಅಯೋಡಿನ್ ಸೇರಿಸಿದ ಮೇಲೆ ಆ ತೊಂದರೆ ಹೋಯಿತು. ನನ್ನಂಥವರು ನೋಡಿಕೊಳ್ಳಬೇಕಾದದ್ದು ಬೇರೆ. ಸೋಯಾ ಜೊತೆಗೆ ಹೊಟ್ಟೆ ಸೇರಿದರೆ ಥೈರಾಯ್ಡ್ ಕಡಿಮೆ ಇದ್ದವರಿಗೆ ಕೊಡುವ ಲೆವೋಥೈರಾಕ್ಸಿನ್ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ.

ಹಾಗಾಗಿ ನಾನು ಹೊತ್ತು ನೋಡಿ ತಿನ್ನಲು ಶುರು ಮಾಡಿದೆ. ಎದ್ದ ಕೂಡಲೇ ಮಾತ್ರೆ, ಒಂದು ಲೋಟ ನೀರು. ಆಮೇಲೆ ಒಂದು ಗಂಟೆ ಏನೂ ಇಲ್ಲ. ನಿಜವಾಗಿ ಕಷ್ಟ ಆಗಿದ್ದು ಕಾಫಿ ವಿಷಯದಲ್ಲಿ! ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೂ ಔಷಧಿ ಸರಿಯಾಗಿ ಹತ್ತುವುದಿಲ್ಲ. ಮೈಸೂರಿನವರಿಗೆ ಎದ್ದು ಒಂದು ಗಂಟೆ ಫಿಲ್ಟರ್ ಕಾಫಿ ಇಲ್ಲದೆ ಇರುವುದು ಸುಮ್ನೆ ಮಾತಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ಇನ್ನೂ ಜಾಸ್ತಿ, 4 ಗಂಟೆ ಅಂತರ ಬೇಕು. ನನ್ನ ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹೋಯಿತು.

ಚಂಕ್ಸ್ ಅಥವಾ ತೋಫು ಏನಿದ್ದರೂ ಮಧ್ಯಾಹ್ನದ ಊಟಕ್ಕೆ. ಚಂಕ್ಸನ್ನು ಉಪ್ಪುನೀರಲ್ಲಿ ಕುದಿಸಿ, ತಣ್ಣೀರಲ್ಲಿ ಎರಡು ಸಲ ತೊಳೆದು, ಗಟ್ಟಿಯಾಗಿ ಹಿಂಡುತ್ತೇನೆ. ಹಿಂಡದಿದ್ದರೆ ಹಸಿ ವಾಸನೆ ಹೋಗುವುದಿಲ್ಲ, ಮಸಾಲೆಯೂ ಒಳಗೆ ಇಳಿಯುವುದಿಲ್ಲ. ಆಮೇಲೆ ತೆಂಗಿನಕಾಯಿ, ಹುರಿಗಡಲೆ, ಕೊತ್ತಂಬರಿ ರುಬ್ಬಿ ಹಾಕಿದ ಸಾಗು. ಅವರೆಕಾಯಿ ಕಾಲದಲ್ಲಿ ಮಾತ್ರ ನಮ್ಮನೇಲಿ ಸೋಯಾ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಅದು ಬೇರೆ ಮಾತು.

ಕಣ್ಣಿಗೆ ಕಾಣದ ಸೋಯಾ ಇನ್ನೊಂದಿದೆ. ಗೋಧಿ ಮಿಲ್‌ಗೆ ಕೊಡುವಾಗ ಒಂದಷ್ಟು ಸೋಯಾಕಾಳು ಸೇರಿಸುವುದು ಎಷ್ಟೋ ಮನೆಗಳಲ್ಲಿ ರೂಢಿ. ಹೆಲ್ತ್ ಮಿಕ್ಸ್, ಪ್ರೋಟೀನ್ ಪುಡಿಗಳಲ್ಲೂ ಇರುತ್ತದೆ. ಬೆಳಗ್ಗೆ ಗಂಜಿ ಕುಡಿಯುವವರು ಡಬ್ಬದ ಮೇಲೆ ಬರೆದಿರುವುದನ್ನು ಒಮ್ಮೆ ಓದಬೇಕು. ನಮ್ಮನೇಲಿ ಆ ಹಿಟ್ಟಿನ ಚಪಾತಿ ರಾತ್ರಿಗೆ ಮಾತ್ರ.

ಇನ್ನೊಂದು, ಅಳತೆ ಏರುಪೇರಾಗಬಾರದು. ನಾವು ತಿನ್ನುವ ರೀತಿಗೆ ಮಾತ್ರೆಯ ಪ್ರಮಾಣ ಹೊಂದಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ ದಿನಾ ಸೋಯಾ ಹಾಲು ಶುರು ಮಾಡಿದರೆ, ಅಥವಾ ದಿನಾ ಕುಡಿಯುತ್ತಿದ್ದವರು ಪೂರ್ತಿ ಬಿಟ್ಟರೆ, ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಹೇಗಿದೆ ಅಂತ ತೋರಿಸುವ ಟಿಎಸ್‌ಎಚ್ ಬದಲಾಗಬಹುದು. ಅಂಥ ಬದಲಾವಣೆ ಮಾಡುವವರು ಡಾಕ್ಟರಿಗೆ ಹೇಳಿ, 6ರಿಂದ 8 ವಾರ ಬಿಟ್ಟು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕೋಸನ್ನೂ ಬಿಟ್ಟಿಲ್ಲ, ಬೇಯಿಸಿ ತಿನ್ನುತ್ತೇನೆ. ಬಿಟ್ಟಿದ್ದು ಹಿಮಾಲಯದ ಗುಲಾಬಿ ಉಪ್ಪನ್ನು. ಅದರಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ಮಾಮೂಲಿ ಅಯೋಡಿನ್ ಉಪ್ಪೇ ಸಾಕು.

ಇದೆಲ್ಲ ಮಾತ್ರೆ ತಗೊಳ್ಳುತ್ತಿರುವ ನನ್ನ ಲೆಕ್ಕ. ಗರ್ಭಿಣಿಯರು, ಥೈರಾಯ್ಡ್ ಅಂಚಿನಲ್ಲಿದ್ದು ಇನ್ನೂ ಮಾತ್ರೆ ಶುರು ಮಾಡದವರು ತಮ್ಮ ಡಾಕ್ಟರನ್ನೇ ಕೇಳಬೇಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೆಲವರು ಐಸೋಫ್ಲೇವೋನ್ ಕ್ಯಾಪ್ಸೂಲ್ ನುಂಗುತ್ತಾರೆ. ಅದನ್ನು ಒಂದು ಬಟ್ಟಲು ಸಾಗುವಿಗೆ ಹೋಲಿಸುವುದಕ್ಕೆ ಆಗಲ್ಲ. ನಾನಂತೂ ಡಾಕ್ಟರನ್ನು ಕೇಳದೆ ಅದರ ತಂಟೆಗೆ ಹೋಗುವುದಿಲ್ಲ.